ಕೋಟೆಗುಡ್ಡದ ಓಣಿಗಳಲ್ಲಿ ಒಂದು ಮಧ್ಯಾಹ್ನ

ರಾಯದುರ್ಗವು ನಮಗೆ ಹೊಸ ಊರೇನಲ್ಲ. ತಂಗಿಯನ್ನು ಆ ಊರಿಗೆ ಕೊಟ್ಟು ಇಪ್ಪತ್ತೆಂಟು ವರ್ಷಗಳು ಸಂದಿವೆ. ಆದರೂ ಬಸ್ ನಿಲ್ದಾಣ, ತಂಗಿಯ ಮನೆ, ಮದುವೆಯ ಛತ್ರಗಳು, ಒಂದೆರಡು ಬಾರಿ ದಶಭುಜ ಗಣಪತಿಯ ದರ್ಶನ, ಇಷ್ಟರಾಚೆಗೆ ನಾವು ಕಾಲಿಟ್ಟವರಲ್ಲ. ಕೋಟೆಯ ಗುಡ್ಡದ ತಪ್ಪಲನ್ನು ಅವಚಿಕೊಂಡು ಮೇಲೇರುವ ಓಣಿಗಳನ್ನು ಕೆಳಗಿನಿಂದ ನೋಡಿದ್ದೆವೇ ಹೊರತು ಹತ್ತಿ ಹೋಗಿರಲಿಲ್ಲ. ಕಳೆದ ಮಾಘ ಮಾಸದ ಒಂದು ಭಾನುವಾರ ಆ ಯೋಗ ಒದಗಿತು. ಅದೂ ಎಂಟನೆಯ ತರಗತಿಯ ಹನ್ನೊಂದು ಮಂದಿ ಮಕ್ಕಳೊಡನೆ.

ಕಾರಣನಾದವನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ತಂಗಿಯ ಮಗ. ಆತನಿಗೆ ಜಿಯೊಕ್ಯಾಚಿಂಗ್ ಎಂಬ ಆಟದ ಹುಚ್ಚು. ಒಬ್ಬರು ಒಂದು ಸಣ್ಣ ಪೆಟ್ಟಿಗೆಯನ್ನು ಎಲ್ಲಿಯೋ ಮರೆಮಾಡಿ, ಆ ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುವುದು. ಉಳಿದವರು ಕೈಯಲ್ಲಿನ ಉಪಕರಣದ ನೆರವಿನಿಂದ ಕಾಲ್ನಡಿಗೆಯಲ್ಲಿ ಅದನ್ನು ಪತ್ತೆಹಚ್ಚಿ, ಒಳಗಿರುವ ಪುಸ್ತಕದಲ್ಲಿ ಹೆಸರು ಬರೆದು, ಪೆಟ್ಟಿಗೆಯನ್ನು ಇದ್ದಲ್ಲಿಯೇ ಇಟ್ಟು ಬರುವುದು. ಒಳಗಿನಿಂದ ಏನಾದರೂ ತೆಗೆದುಕೊಂಡರೆ ಅದಕ್ಕೆ ಸಮನಾದುದನ್ನು ಇಡಬೇಕು. ನೆಲ ಅಗೆದು ಹೂಳಕೂಡದು. ಸ್ಥಳದ ಒಡೆಯರ ಒಪ್ಪಿಗೆ ಬೇಕು.

ಈ ಆಟ ಹುಟ್ಟಿದ ಬಗೆ ಸ್ವಾರಸ್ಯವಾದುದು. ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸುಮಾರು ೨೦,೦೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ದೊರೆತರೆ ನಾವು ನಿಂತ ಜಾಗ ತಿಳಿಯುತ್ತದೆ. ಆದರೆ ಅಲ್ಲಿನ ಸರ್ಕಾರವು ಸೈನ್ಯದ ದೃಷ್ಟಿಯಿಂದ, ಸಾರ್ವಜನಿಕರಿಗೆ ಸಿಗುವ ಸಂಕೇತದಲ್ಲಿ ಬೇಕೆಂದೇ ದೋಷವನ್ನು ಬೆರೆಸುತ್ತಿತ್ತು. ೨೦೦೦ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಆ ದೋಷವನ್ನು ನಿಲ್ಲಿಸಲಾಯಿತು. ಮೇ ೩ರಂದೇ ಡೇವ್ ಅಲ್ಮರ್ ಎಂಬವರು, ಇದೀಗ ಉಪಕರಣ ಎಷ್ಟು ನಿಖರವಾಗಿದೆ ನೋಡೋಣವೆಂದು, ಆರೆಗಾನ್ ಪ್ರಾಂತದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಒಂದು ಬಕೀಟನ್ನು ಇಟ್ಟು ಬಂದರು. ಅದರಲ್ಲಿ ಪುಸ್ತಕ, ಕವಣೆ ಮೊದಲಾದ ಸಣ್ಣಪುಟ್ಟ ವಸ್ತುಗಳಿದ್ದವಂತೆ. ಅಲ್ಲಿಂದ ಆಟ ಲೋಕವನ್ನೆಲ್ಲ ಹಬ್ಬಿತು.

ನಮಗೆ ಕಂಡದ್ದು ಬೇರೆ. ಅಕ್ಷಾಂಶ ರೇಖಾಂಶಗಳ ಪಾಠವನ್ನು ಮೂವತ್ತು ವರ್ಷಗಳಿಂದ ಗೋಳದ ಮೇಲೆ ಬೆರಳಾಡಿಸಿ ಹೇಳುತ್ತ ಬಂದಿದ್ದೇವೆ. ಮಕ್ಕಳು ಅದನ್ನು ಬಾಯಿಪಾಠ ಮಾಡಿ ಪರೀಕ್ಷೆಯ ಮರುದಿನ ಮರೆಯುತ್ತಾರೆ. ಆದ್ದರಿಂದ ಅಳಿಯನಿಗೆ ಹೇಳಿ ಕೋಟೆಯ ತಪ್ಪಲಲ್ಲಿ ಒಂದು ಪೆಟ್ಟಿಗೆ ಇಡಿಸಿದೆವು. ಹೊರಡುವ ಹಿಂದಿನ ದಿನ ತರಗತಿಯಲ್ಲಿ ಲೆಕ್ಕ ಮಾಡಿಸಿದೆವು: ಮಡಕಶಿರಾ ೧೩ ಡಿಗ್ರಿ ೫೬ ನಿಮಿಷ, ರಾಯದುರ್ಗ ೧೪ ಡಿಗ್ರಿ ೪೨ ನಿಮಿಷ, ಅಂತರ ೪೬ ನಿಮಿಷ. ಒಂದು ನಿಮಿಷಕ್ಕೆ ಸುಮಾರು ೧.೮೫ ಕಿಲೋಮೀಟರಿನಂತೆ, ಉತ್ತರಕ್ಕೆ ೮೫ ಕಿಲೋಮೀಟರ್. ಮಡಕಶಿರಾ ೨೦೨೨ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಲ್ಲ, ಆಗ ಅಕ್ಷಾಂಶವೂ ಬದಲಾಯಿತೇ ಎಂದು ಒಬ್ಬ ಹುಡುಗ ಕೇಳಿದ. ತುಂಟತನದ ಪ್ರಶ್ನೆಯಲ್ಲ, ನಿಜವಾಗಿಯೇ ಕೇಳಿದ್ದು. ಆ ಪ್ರಶ್ನೆಯೊಂದಕ್ಕಾಗಿಯೇ ಪ್ರಯಾಣದ ಖರ್ಚು ಸಾರ್ಥಕವೆನಿಸಿತು.

ಪಾವಗಡದ ಮೇಲೆ, ಎರಡು ಬಾರಿ ಗಡಿ ದಾಟಿ, ಕಲ್ಯಾಣದುರ್ಗದ ದಾರಿಯಾಗಿ ರಾಯದುರ್ಗ ಸೇರಿದಾಗ ಹನ್ನೆರಡು ಗಂಟೆ. ತಂಗಿಯ ಮನೆಯಲ್ಲಿ ಊಟ ಮುಗಿಸಿ ಗುಡ್ಡದ ಕಡೆ ನಡೆದೆವು. ಅನೇಕ ಮನೆಗಳೊಳಗಿಂದ ಹೊಲಿಗೆಯ ಯಂತ್ರದ ಸದ್ದು. ಜೀನ್ಸ್ ಉಡುಪಿನ ಕೆಲಸಕ್ಕೆ ಈ ಊರು ಹೆಸರಾದುದು.

ಮೊದಲ ಅವಾಂತರ ನಮ್ಮದೇ. ಅಳಿಯ ಬರೆದುಕೊಟ್ಟಿದ್ದ ೧೪ ಡಿಗ್ರಿ, ೪೨ ಚಿಲ್ಲರೆ ನಿಮಿಷ ಎಂಬುದನ್ನು ನಾವು ೧೪.೪೨ ಡಿಗ್ರಿ ಎಂದು ದೂರವಾಣಿಯಲ್ಲಿ ಒತ್ತಿದೆವು. ೭೬ ಡಿಗ್ರಿ ೫೨ ನಿಮಿಷವನ್ನೂ ಹಾಗೆಯೇ. ಪೆಟ್ಟಿಗೆ ಅಲ್ಲಿಂದ ಐವತ್ತು ಕಿಲೋಮೀಟರಿನಷ್ಟು ದೂರ, ಗಡಿಯಾಚೆ ಚಿತ್ರದುರ್ಗ ಜಿಲ್ಲೆಯಲ್ಲಿದೆಯೆಂದು ಯಂತ್ರ ತೋರಿಸಿತು. ಹಿಂದಿನ ಸಾಲಿನ ಒಬ್ಬ ಹುಡುಗಿ, “ಸಾರ್, ನಿಮಿಷವನ್ನು ಅರವತ್ತರಿಂದ ಭಾಗಿಸಬೇಕಲ್ವಾ?” ಎಂದಳು. ನಲವತ್ತೆರಡನ್ನು ಅರವತ್ತರಿಂದ ಭಾಗಿಸಿದರೆ ದಶಾಂಶ ಏಳು. ಗಣಿತದ ಮೇಷ್ಟರಾದ ನಮ್ಮ ಕಿವಿ ಬಿಸಿಯಾಯಿತು. ಮಕ್ಕಳಿಗೆ ಅಂದಿನ ಅತ್ಯಂತ ಹಿತವಾದ ಗಳಿಗೆ ಅದೇ ಇದ್ದಿರಬೇಕು.

ಓಣಿಗಳು ಏರುತ್ತ ಕಿರಿದಾದವು. ಕಲ್ಲಿನ ಗೋಡೆಗಳ ನಡುವೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುವಲ್ಲಿ ಉಪಗ್ರಹದ ಸಂಕೇತವೂ ಸರಿಯಾಗಿ ಇಳಿಯದು. ಎಂಟು ಮೀಟರ್ ಎಂದದ್ದು ಎರಡು ಹೆಜ್ಜೆಗೆ ಇಪ್ಪತ್ತಾಗುತ್ತಿತ್ತು. ಇನ್ನು ಸುಳಿವಿನ ಚೀಟಿಯೇ ಗತಿ. ಒಂದು ಕಾಲದಲ್ಲಿ ಇದರ ಸದ್ದಿಗೆ ಓಣಿಯೆಲ್ಲ ಏಳುತ್ತಿತ್ತು, ಈಗ ಇದರ ಮೇಲೆ ಬೆಕ್ಕು ಮಲಗುತ್ತದೆ ಎಂದು ಕನ್ನಡದಲ್ಲಿ ಬರೆದಿತ್ತು. ಕೋಳಿಯೆಂದರು, ನಗಾರಿಯೆಂದರು. ಬಾಗಿಸಿ ನಿಂತು ಗೋಡೆಗಳ ಬುಡ ತಡಕತೊಡಗಿದಾಗ ಮೇಲಿನ ಜಗುಲಿಯಿಂದ ಗಟ್ಟಿ ದನಿಯೊಂದು ಕೇಳಿತು: “ಯಾರ್ರಪ್ಪಾ ನೀವು? ನಿಧಿ ಅಗಿಯಾಕ ಬಂದೀರೇನು?”

ಎಂಬತ್ತು ದಾಟಿದ ಅಜ್ಜಿ, ಕೈಯಲ್ಲಿ ಊರುಗೋಲು. ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ಅವರ ಸಂಶಯವನ್ನು ತಪ್ಪೆನ್ನಲಾಗದು. ನಮ್ಮ ಸೀಮೆಯ ಹಾಳು ಕೋಟೆಗಳಲ್ಲಿ, ಗುಡಿಗಳಲ್ಲಿ ನಿಧಿಯ ಆಸೆಗೆ ನೆಲ ಬಗೆದು ವಿಗ್ರಹಗಳನ್ನೇ ಉರುಳಿಸುವವರ ಕಾಟ ಎಲ್ಲರಿಗೂ ತಿಳಿದದ್ದು. ಅಳಿಯ ಒಪ್ಪಿಗೆ ಪಡೆದಿದ್ದನಾದರೂ, ಅದನ್ನು ಕೊಟ್ಟ ಮೊಮ್ಮಗ ಕೆಲಸಕ್ಕೆ ಹೋಗಿದ್ದ; ಅಜ್ಜಿಗೆ ಹೇಳಿರಲಿಲ್ಲ. ಅಪರಿಚಿತ ಓಣಿಯಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಳ್ಳನಂತೆ ನಿಂತ ನಮ್ಮ ನಾಲಿಗೆ ಒಣಗಿತು. ತೆಲುಗಿನಲ್ಲಿ ಹೇಳಲೋ ಕನ್ನಡದಲ್ಲಿ ಹೇಳಲೋ ಎಂದು ತಡವರಿಸುತ್ತಿರುವಾಗ ಆ ಹುಡುಗಿಯೇ ಮುಂದೆ ಹೋಗಿ, “ನಿಧಿ ಅಲ್ಲ ಅಜ್ಜಿ, ನಮ್ಮ ಮೇಷ್ಟ್ರ ಪಾಠ” ಎಂದು ಚೀಟಿಯನ್ನು ಕೊಟ್ಟಳು.

ಅಜ್ಜಿ ಚೀಟಿಯನ್ನು ಬಿಸಿಲಿಗೆ ಹಿಡಿದು, ಅಕ್ಷರದ ಕೆಳಗೆ ಬೆರಳಿಟ್ಟು ಪೂರ್ತಿ ಓದಿದರು, ನಕ್ಕುಬಿಟ್ಟರು. “ಬೀಸೋ ಕಲ್ಲಲ್ಲೇನ ಅದು!” ಮನೆಯ ಮೂಲೆಯಲ್ಲಿ ಗೋಡೆಗೆ ಒರಗಿಸಿದ್ದ ಕಲ್ಲಿನ ಹಿಂದೆ ಸ್ಟೀಲಿನ ಊಟದ ಡಬ್ಬಿ ಸಿಕ್ಕಿತು.

“ಕನ್ನಡ ಎಲ್ಲಿ ಓದಿದಿರಿ, ತಾಯಿ?” ಎಂದೆವು.

“ನಾ ಬಳ್ಳಾರಿ ಜಿಲ್ಲೆಯಾಗ ಓದಿದಾಕಿ” ಎಂದರು. ಮಕ್ಕಳಿಗೆ ತಿಳಿಯಲಿಲ್ಲ. ೧೯೫೩ರ ಅಕ್ಟೋಬರ್ ೧ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅದಕ್ಕೆ ಸೇರಿ, ಉಳಿದ ಬಹುಭಾಗ ಮೈಸೂರಿಗೆ ಹೋದುದನ್ನು ಆ ಜಗುಲಿಯ ಮೇಲೆಯೇ ಹೇಳಿದೆವು. ಅಜ್ಜಿ ಆಗ ಮೂರನೆಯ ತರಗತಿ. ಮನೆ ಕದಲಲಿಲ್ಲ, ಜಿಲ್ಲೆ ಬದಲಾಯಿತು.

ಡಬ್ಬಿಯ ಪುಸ್ತಕದಲ್ಲಿ ಮಕ್ಕಳು ಹೆಸರು ಬರೆದ ಮೇಲೆ ಅಜ್ಜಿಗೂ ಕೊಟ್ಟರು. ಕೈ ನಡುಗುತ್ತಿತ್ತು; ತಲೆಕಟ್ಟು, ಒತ್ತು ಒಂದನ್ನೂ ಬಿಡದೆ ಬರೆದರು. ಬಹಳ ವರ್ಷಗಳಿಂದ ಹೆಬ್ಬೆಟ್ಟಿಗೂ ಯಾರೂ ಕೇಳಿಲ್ಲವೆಂದರು. ಪಕ್ಕದಲ್ಲಿ ನಿಂತ ಅವರ ಮರಿಮಗ, ಆರು ವರ್ಷದವನು, ಅದೇನು ಬರೆದೆಯೆಂದು ತೆಲುಗಿನಲ್ಲಿ ಕೇಳಿದ. ಅಜ್ಜಿ ಉತ್ತರ ಕೊಡುವ ಮೊದಲೇ ನಮ್ಮ ಹುಡುಗರು ಅವನನ್ನು ಕೂರಿಸಿಕೊಂಡು ಓದಿ ತೋರಿಸಿದರು. ಒಬ್ಬ ತಾನು ಇಡಲೆಂದು ತಂದಿದ್ದ ಬಳಪವನ್ನು ಡಬ್ಬಿಗೆ ಹಾಕದೆ ಅವನ ಕೈಗಿತ್ತ. ನಿಯಮದಂತೆ ಬದಲಿಗೆ ಏನಾದರೂ ಇಡಬೇಕೆಂದಾಗ, ಆ ಮಗು ಒಳಗೆ ಓಡಿ ಜೀನ್ಸಿನ ಒಂದು ಹಿತ್ತಾಳೆ ಗುಂಡಿ ತಂದು ಹಾಕಿತು.

ಪೆಟ್ಟಿಗೆ ಈಗಲೂ ಅಲ್ಲಿದೆ, ಕಾವಲು ಅಜ್ಜಿಯದು. ಮೊನ್ನೆ ಅಳಿಯ ನೋಡಿ ಬಂದಾಗ ಪುಸ್ತಕದಲ್ಲಿ ಓಣಿಯ ಮಕ್ಕಳ ನಾಲ್ಕು ಹೊಸ ಹೆಸರುಗಳಿದ್ದವಂತೆ, ಮೂರು ತೆಲುಗಿನಲ್ಲಿ, ಒಂದು ಸೊಟ್ಟ ಕನ್ನಡದಲ್ಲಿ. ಸ್ಥಳದ ನಿಖರ ಅಂಕಿಗಳನ್ನು ನಾವು ಇಲ್ಲಿ ಅಚ್ಚು ಹಾಕಿಸಿಲ್ಲ. ಗುದ್ದಲಿ ಹಿಡಿದು ಬರುವವರೂ ಪತ್ರಿಕೆ ಓದುತ್ತಾರೆ. ಮಕ್ಕಳನ್ನು ಕರೆತರಬಯಸುವ ಉಪಾಧ್ಯಾಯ ಬಂಧುಗಳು ಸಂಪಾದಕರ ಮೂಲಕ ಕಾಗದ ಬರೆದರೆ ಕಳುಹಿಸುತ್ತೇವೆ. ಹೋದಾಗ ಮೊದಲು ಜಗುಲಿಯ ಮೇಲಿನ ಅಜ್ಜಿಗೆ ಹೇಳಿ ಆಮೇಲೆ ಹುಡುಕತೊಡಗಿರಿ.