ಮೋಟಾರ್ ಸ್ವಿಚ್ ಯಾರ ಮನೆಯಲ್ಲಿದೆ?

2024ರ ಶಿವರಾತ್ರಿಗೆ ಮೊದಲೇ ಬೆಂಗಳೂರಿನ ಶ್ರೀಗಂಧದ ಕಾವಲಿನ ನಮ್ಮ ಬೋರ್‌ವೆಲ್ ಕೈಕೊಟ್ಟಿತು. ನಮ್ಮದು ನಾಲ್ಕು ಮನೆಗಳ ಕಟ್ಟಡ. ಕೆಳಗೆ ನಾನು, ನನ್ನ ಹೆಂಡತಿ. ಮೊದಲನೇ ಮಹಡಿಯಲ್ಲಿ ಅಜ್ಜಿ, ಮಗ, ಸೊಸೆ, ಎರಡು ಮಕ್ಕಳು. ಎರಡನೇ ಮಹಡಿಯಲ್ಲಿ ಕೆಲಸಕ್ಕೆ ಹೋಗುವ ಮೂವರು ಹುಡುಗರು. ಮೇಲಿನ ಒಂಟಿ ಕೋಣೆಯಲ್ಲಿ ನರ್ಸಮ್ಮ. ಆ ತಿಂಗಳು ಆರು ಟ್ಯಾಂಕರ್ ತರಿಸಿದೆವು, 6,600 ರೂಪಾಯಿ ಆಯಿತು.

ಮೊದಲ ಸಿಟ್ಟು ಟ್ಯಾಂಕರ್‌ನವನ ಮೇಲೆ. ಹಿಂದಿನ ವರ್ಷ 550 ಇದ್ದದ್ದು 1,100 ಆಗಿತ್ತು. ಡೀಸೆಲ್ ದುಬಾರಿಯಾಗಿದೆ ಎಂದಿದ್ದರೆ ಗೊಣಗಿ ಕೊಡುತ್ತಿದ್ದೆವು. ಅವನು ಹೇಳಿದ್ದು, "ಬೇಕಾದ್ರೆ ತಗೊಳ್ಳಿ, ಕೇಳೋರು ಬೇಕಾದಷ್ಟು ಜನ ಇದಾರೆ" ಅಂತ. ಚುಚ್ಚಿದ್ದು ಆ ಮಾತು. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನಮನ್ ಮತ್ತು ಇಬ್ಬರು ಜೊತೆಗಾರರು 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಥದ್ದೇ ಪ್ರಶ್ನೆ ಇತ್ತು: ಹಿಮ ಸುರಿದ ಮರುದಿನ ಅಂಗಡಿಯವನು 15 ಡಾಲರಿನ ಸಲಿಕೆಯನ್ನು 20 ಡಾಲರಿಗೆ ಮಾರಿದರೆ ಸರಿಯೇ? ನೂರಕ್ಕೆ 82 ಮಂದಿ ಅನ್ಯಾಯವೆಂದರು. ಖರ್ಚು ಹೆಚ್ಚಾಗಿ ಬೆಲೆ ಏರಿಸಿದರೆ ಜನ ಸಹಿಸುತ್ತಾರೆ, ಕಷ್ಟ ನೋಡಿ ಏರಿಸಿದರೆ ಸಹಿಸುವುದಿಲ್ಲ. ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದು ದರ ಕಟ್ಟಿದಾಗ ರಸ್ತೆಯವರೆಲ್ಲ ಖುಷಿಪಟ್ಟದ್ದು ಅದಕ್ಕೇ.

ಆಮೇಲೆ ಮೆಟ್ಟಿಲ ಮೇಲೆ ನಮ್ಮದೇ ಪಂಚಾಯ್ತಿ. ಮನೆಗೊಂದು ಸಮಪಾಲು ಎಂದರೆ 1,650. "ನಾನೊಬ್ಳೇ ಇರೋದು, ಅರ್ಧ ದಿನ ಡ್ಯೂಟಿ. ಅಷ್ಟೊಂದು ಯಾಕೆ ಕೊಡ್ಲಿ?" ಎಂದರು ನರ್ಸಮ್ಮ. ತಲೆಗೆ 600 ಎಂದರೆ ಅವರಿಗೆ 600, ಅಜ್ಜಿಯ ಮನೆಗೆ 3,000. "ಹಾಸಿಗೆ ಹಿಡಿದೋರ ಬಟ್ಟೆ ಒಗೀಬೇಡ ಅಂತೀರಾ ಸಾರ್?" ಎಂದಳು ಸೊಸೆ. ಒಂದು ಕಡೆ ಸಮಪಾಲು, ಇನ್ನೊಂದು ಕಡೆ ಬಳಸಿದಷ್ಟು, ಮತ್ತೊಂದು ಕಡೆ ಕಷ್ಟ. ಮೂರರಲ್ಲಿ ಯಾವುದನ್ನು ಸುಳ್ಳೆನ್ನುವುದು? ಅಮರ್ತ್ಯ ಸೇನ್ 2009ರ ತಮ್ಮ ಪುಸ್ತಕದಲ್ಲಿ ಒಂದು ಕೊಳಲಿಗೆ ಮೂರು ಮಕ್ಕಳನ್ನು ನಿಲ್ಲಿಸುತ್ತಾರೆ. ಒಬ್ಬಳಿಗೆ ನುಡಿಸಲು ಬರುತ್ತದೆ, ಒಬ್ಬ ಬಡವ, ಮತ್ತೊಬ್ಬಳು ಅದನ್ನು ಮಾಡಿದವಳು. ಅಲ್ಲಿಯೂ ಮೂವರ ಮಾತೂ ಸರಿಯೇ.

ನನಗೆ ತಲೆ ಲೆಕ್ಕವೇ ನ್ಯಾಯ ಅನ್ನಿಸಿತ್ತು. ನಮ್ಮ ಮನೆಯಲ್ಲಿ ಇರುವುದು ಎರಡೇ ತಲೆ ಎಂಬುದು ರಾತ್ರಿ ಹೊಳೆಯಿತು. ಇನ್ನೊಂದೂ ನೆನಪಾಯಿತು. ಕಾವೇರಿ ನ್ಯಾಯಮಂಡಳಿ 2007ರಲ್ಲಿ ಬೆಂಗಳೂರಿನ ಮೂರನೇ ಒಂದು ಭಾಗಕ್ಕೆ ಮಾತ್ರ ನೀರಿನ ಲೆಕ್ಕ ಹಾಕಿದಾಗ, ಕುಡಿಯುವವರ ಅಗತ್ಯ ನೋಡಬೇಡವೇ ಎಂದು ಕೂಗಿದವರಲ್ಲಿ ನಾನೂ ಒಬ್ಬ. 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚು ಕೊಟ್ಟು, ಅದರಲ್ಲಿ 4.75 ಈ ಊರಿಗೆಂದಾಗ ಸಿಹಿ ಹಂಚಿದ್ದೆ. ನದಿಯ ವಿಷಯದಲ್ಲಿ ಅಗತ್ಯದ ಪರ ನಿಂತವನು ಮೆಟ್ಟಿಲ ಮೇಲೆ ಅಜ್ಜಿಯ ಅಗತ್ಯ ಮರೆತಿದ್ದೆ.

ಕೊನೆಗೆ ಅರ್ಧ ಮನೆ ಲೆಕ್ಕ, ಅರ್ಧ ತಲೆ ಲೆಕ್ಕ ಮಾಡಿದೆವು. ನರ್ಸಮ್ಮ 1,125, ನಾವು 1,425, ಹುಡುಗರು 1,725, ಅಜ್ಜಿಯ ಮನೆ 2,325. ಎಲ್ಲರೂ ದುಡ್ಡು ಕೊಟ್ಟರು, ಆದರೂ ಮುಖಗಳು ಸಡಿಲವಾಗಲಿಲ್ಲ. ವಾರದ ನಂತರ ಹುಡುಗರಲ್ಲೊಬ್ಬ ಬಾಯಿಬಿಟ್ಟ: "ಅಂಕಲ್, ಮೋಟಾರ್ ಸ್ವಿಚ್ ನಿಮ್ಮ ಅಡುಗೆಮನೇಲಿದೆ. ನೀರು ಯಾವಾಗ ಬಿಡ್ತೀರಿ, ಎಷ್ಟು ಬಿಡ್ತೀರಿ, ನಮಗೇನು ಗೊತ್ತು?"

ಇದು ನನಗೆ ಮೊದಲೇ ತಿಳಿಯಬೇಕಿತ್ತು. 31 ವರ್ಷ ನಗರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು ನಾನು. ಚಿಲ್ಲರೆ ಇಲ್ಲದಾಗ ಟಿಕೆಟ್ ಹಿಂದೆ ಬಾಕಿ ಬರೆದುಕೊಟ್ಟರೆ ಪ್ರಯಾಣಿಕರು ಸುಮ್ಮನೆ ಕೂರುತ್ತಿದ್ದರು. ಬರೆಯದೆ "ಆಮೇಲೆ ಕೊಡ್ತೀನಿ" ಅಂದರೆ ಎರಡು ರೂಪಾಯಿಗೆ ಮಾಗಡಿ ರಸ್ತೆ ಉದ್ದಕ್ಕೂ ಜಗಳ. ಎಷ್ಟೋ ಮಂದಿ ಬರೆಸಿಕೊಂಡದ್ದನ್ನು ಮರೆತು ಇಳಿದು ಹೋಗುತ್ತಿದ್ದರು. ದುಡ್ಡಿಗಿಂತ ಅವರಿಗೆ ಬೇಕಿದ್ದದ್ದು ಆ ಬರಹ. ಟಾಮ್ ಟೈಲರ್ ಎಂಬ ಮನಶ್ಶಾಸ್ತ್ರಜ್ಞ ಷಿಕಾಗೊ ಜನರನ್ನು ಮಾತಾಡಿಸಿ 1990ರಲ್ಲಿ ಬರೆದದ್ದೂ ಇದನ್ನೇ. ಪೊಲೀಸು, ಕೋರ್ಟುಗಳಲ್ಲಿ ಗೆದ್ದೆವೋ ಸೋತೆವೋ ಎನ್ನುವುದಕ್ಕಿಂತ ತಮ್ಮ ಮಾತು ಕೇಳಿದರೇ, ಮರ್ಯಾದೆಯಿಂದ ನಡೆಸಿಕೊಂಡರೇ ಎಂಬುದನ್ನೇ ಜನ ಹೆಚ್ಚಾಗಿ ತೂಗುತ್ತಾರಂತೆ.

ಎಲೆಕ್ಟ್ರಿಷಿಯನ್ ಕರೆಸಿ ಸ್ವಿಚ್ಚನ್ನು ಮೆಟ್ಟಿಲ ಕೆಳಗೆ ಹಾಕಿಸಿದೆ. ಪಕ್ಕದಲ್ಲಿ ದಾರಕ್ಕೆ ಕಟ್ಟಿದ ನೋಟ್‌ಬುಕ್, ಪೆನ್ನು. ಮೋಟಾರ್ ಹಾಕಿದವರು ಹೊತ್ತು ಬರೆಯಬೇಕು, ಟ್ಯಾಂಕರ್ ಬಂದರೆ ದುಡ್ಡು ಬರೆಯಬೇಕು. ನೀರೇನೂ ಹೆಚ್ಚಾಗಲಿಲ್ಲ, ಪಾಲೂ ಬದಲಾಗಲಿಲ್ಲ. ಮೊದಲ ಎರಡು ವಾರ ಬರುವವರು, ಹೋಗುವವರು ಎಲ್ಲ ನೋಟ್‌ಬುಕ್ ತೆರೆದು ನೋಡುತ್ತಿದ್ದರು. ಏಪ್ರಿಲ್ ಹೊತ್ತಿಗೆ ಅದರ ಮೇಲೆ ಧೂಳು ಕೂತಿತ್ತು. ಒರೆಸಲು ಹೋದ ಹೆಂಡತಿಗೆ ಹೇಳಿದೆ, "ಇರಲಿ ಬಿಡು, ಜಗಳ ಮುಗಿದಿದೆ ಅಂತ ಅರ್ಥ."