ಬಿಪಿಎಲ್ ಕಾರ್ಡ್ ಮತ್ತು ಮನೆಯ ಆದಾಯ: ನಂಬಿಕೆ ಒಂದು, ನಿಯಮ ಇನ್ನೊಂದು

2024ರ ನವೆಂಬರ್‌ನಲ್ಲಿ ಅಕ್ಕಿ ತರಲು ನ್ಯಾಯಬೆಲೆ ಅಂಗಡಿಗೆ ಹೋದ ಎಷ್ಟೋ ಜನರಿಗೆ ತಮ್ಮ ಬಿಪಿಎಲ್ ಕಾರ್ಡ್ ಎಪಿಎಲ್ ಆಗಿರುವುದು ಗೊತ್ತಾಯಿತು. ಗದ್ದಲವೆದ್ದ ಮೇಲೆ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿ ಕೊಡಿ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸೂಚಿಸಿದರು. ಅನರ್ಹರಿಗೆ ಅಕ್ಕಿ ಹೋಗುತ್ತಿದ್ದರೆ ತಡೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಮನೆಯ ಆದಾಯ ಎಷ್ಟೆಂದು ತಿಳಿಯಲು ಕಂಪ್ಯೂಟರ್‌ನಲ್ಲಿ ಎರಡು ಪಟ್ಟಿ ತಾಳೆ ನೋಡಿದರೆ ಸಾಲದು. ಮನೆಯವರನ್ನು ಕೇಳಬೇಕು. ಕಾರ್ಡ್ ಕಿತ್ತ ಮೇಲೆ ಕೇಳುವುದಲ್ಲ, ಕೀಳುವ ಮೊದಲು.

“ಐಟಿ ರಿಟರ್ನ್ ಹಾಕಿದವರೆಲ್ಲ ತೆರಿಗೆ ಕಟ್ಟುವವರು”

ಎಷ್ಟೋ ಮನೆಗಳಿಗೆ ತೊಂದರೆ ಕೊಟ್ಟ ನಂಬಿಕೆ ಇದು. ರಿಟರ್ನ್ ಎಂದರೆ ವರ್ಷದ ಆದಾಯದ ಲೆಕ್ಕ ಒಪ್ಪಿಸುವುದು, ಅಷ್ಟೇ. ಕಟ್ಟಬೇಕಾದ ತೆರಿಗೆ ಸೊನ್ನೆಯಾದರೂ ರಿಟರ್ನ್ ಸಲ್ಲಿಸಬಹುದು. ಆಟೊ ಕೊಳ್ಳಲು, ಸಣ್ಣ ಅಂಗಡಿ ಇಡಲು, ಮಗಳನ್ನು ಓದಿಸಲು ಸಾಲ ಕೇಳಿದರೆ ಬ್ಯಾಂಕಿನವರು ರಿಟರ್ನ್ ತನ್ನಿ ಎನ್ನುತ್ತಾರೆ. ಒಂದು ರೂಪಾಯಿ ತೆರಿಗೆಯನ್ನೂ ಕಟ್ಟದ ಮನೆಯ ಹೆಸರು ಹೀಗೆ ರಿಟರ್ನ್ ಹಾಕಿದವರ ಪಟ್ಟಿಗೆ ಸೇರುತ್ತದೆ. ಸಾಲ ಸಿಗಲಿ ಎಂದು ಆದಾಯವನ್ನು ಒಂದಿಷ್ಟು ಏರಿಸಿ ಬರೆಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ರಿಟರ್ನ್‌ನಲ್ಲಿರುವುದು ನಿಮ್ಮದೇ ಹೇಳಿಕೆ, ಬ್ಯಾಂಕಿಗಾಗಿ ಬರೆಸಿದ್ದು ಎಂಬ ಸಮಜಾಯಿಷಿ ಆಮೇಲೆ ನಿಲ್ಲುವುದಿಲ್ಲ.

“ಖಾತೆಗೆ ಬಂದ ಹಣವೆಲ್ಲ ಆದಾಯ”

ಊರ ಕಿರಾಣಿ ಅಂಗಡಿಯೊಂದನ್ನು ತೆಗೆದುಕೊಳ್ಳಿ. ದಿನಕ್ಕೆ ಸುಮಾರು 4,100 ರೂಪಾಯಿ ವ್ಯಾಪಾರವಾದರೆ ವರ್ಷಕ್ಕೆ 15 ಲಕ್ಷ ಆಗುತ್ತದೆ. ಆ ಹಣದ ಬಹುಪಾಲು ಸಗಟು ವ್ಯಾಪಾರಿಯ ಕೈಗೆ ಹೋಗುವಂಥದ್ದು. ಲೆಕ್ಕಪುಸ್ತಕ ಇಡದ ಸಣ್ಣ ವ್ಯಾಪಾರಿಗಳಿಗೆಂದು ಆದಾಯ ತೆರಿಗೆ ಕಾಯ್ದೆಯೇ ಮಾಡಿಕೊಟ್ಟ ಅಂದಾಜಿನ ಪ್ರಕಾರ, ನಗದು ವಹಿವಾಟಿನ ಶೇ. 8ರಷ್ಟನ್ನು ಲಾಭವೆಂದು ತೋರಿಸಿದರೆ ಸಾಕು. ಹದಿನೈದು ಲಕ್ಷಕ್ಕೆ ಅದು 1.20 ಲಕ್ಷ. ರಾಜ್ಯದಲ್ಲಿ ಬಿಪಿಎಲ್ ಕಾರ್ಡಿಗೆ ಇಟ್ಟಿರುವ ವಾರ್ಷಿಕ ಆದಾಯದ ಮಿತಿಯೂ ಅಷ್ಟೇ. ಬ್ಯಾಂಕ್ ಪಾಸ್‌ಬುಕ್ ನೋಡಿದವರಿಗೆ ಆ ಅಂಗಡಿಯವರು ಅನುಕೂಲಸ್ಥರಂತೆ ಕಾಣುತ್ತಾರೆ, ಲೆಕ್ಕ ಹಾಕಿ ನೋಡಿದರೆ ಮಿತಿಯೊಳಗೇ ಇದ್ದಾರೆ.

“ಕಾರ್ಡ್ ಅಮ್ಮನ ಹೆಸರಿನಲ್ಲಿದೆ, ಅವರಿಗೆ ಆದಾಯವಿಲ್ಲ”

2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಮನೆಯ ಹಿರಿಯ ಹೆಣ್ಣುಮಗಳನ್ನೇ ಕುಟುಂಬದ ಮುಖ್ಯಸ್ಥೆ ಎಂದು ಪರಿಗಣಿಸುತ್ತದೆ. ಹಾಗೆಂದು ಅವರೊಬ್ಬರ ಆದಾಯ ನೋಡಿದರೆ ಆಗದು. ಕಾರ್ಡಿನಲ್ಲಿ ಹೆಸರಿರುವ ಎಲ್ಲರ ದುಡಿಮೆಯೂ ಲೆಕ್ಕಕ್ಕೆ ಬರುತ್ತದೆ. ಮದುವೆಯಾಗಿ ಬೇರೆ ಸಂಸಾರ ಹೂಡಿದ ಮಗನ ಹೆಸರು ಹಳೇ ಕಾರ್ಡಿನಲ್ಲೇ ಉಳಿದಿದ್ದರೆ ಅವನ ಸಂಬಳ ಊರಲ್ಲಿರುವ ಅಪ್ಪ ಅಮ್ಮನ ಅಕ್ಕಿಯನ್ನು ಕಸಿಯಬಹುದು. ಆ ಹೆಸರನ್ನು ಮೊದಲು ತೆಗೆಸಿ.

ಮಿತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ದಿನಕ್ಕೆ 400 ರೂಪಾಯಿ ಕೂಲಿ, ತಿಂಗಳಿಗೆ 26 ದಿನ ಕೆಲಸ ಎಂದಿಟ್ಟುಕೊಂಡರೆ ವರ್ಷಕ್ಕೆ 1,24,800 ರೂಪಾಯಿ. ಮನೆಯಲ್ಲಿ ಒಬ್ಬರೇ ದುಡಿದರೂ ಮಿತಿ ದಾಟಿತು! ಮಳೆಗಾಲದಲ್ಲಿ ಕೆಲಸವಿಲ್ಲದೆ ಕೂತ ದಿನಗಳನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ಮಿತಿಯನ್ನು ಇಂದಿನ ಕೂಲಿಗೆ ತಕ್ಕಂತೆ ಏರಿಸದೆ ಪರಿಶೀಲನೆಯನ್ನಷ್ಟೇ ಬಿಗಿ ಮಾಡಿದರೆ ಪೆಟ್ಟು ಬೀಳುವುದು ಕೂಲಿಕಾರರಿಗೆ.

“ಬೈಕ್, ಟಿವಿ, ಫ್ರಿಜ್ ಇದ್ದರೆ ಕಾರ್ಡ್ ಹೋಗುತ್ತದೆ”

2021ರ ಫೆಬ್ರುವರಿಯಲ್ಲಿ ಆಗಿನ ಆಹಾರ ಸಚಿವ ಉಮೇಶ ಕತ್ತಿ ಅವರು ಹೀಗೊಂದು ಹೇಳಿಕೆ ಕೊಟ್ಟು, ವಿರೋಧ ಬಂದ ಮೇಲೆ ಹಿಂದೆ ಸರಿದಿದ್ದರು. ಮಾನದಂಡದಲ್ಲಿರುವುದು ಸ್ವಂತಕ್ಕೆ ಬಳಸುವ ನಾಲ್ಕು ಚಕ್ರದ ವಾಹನ. ಹೊಟ್ಟೆಪಾಡಿಗೆ ಓಡಿಸುವ ಒಂದು ವಾಹನಕ್ಕೆ ವಿನಾಯಿತಿ ಇದೆ. ಜಮೀನಿನ ಮಿತಿ 3 ಹೆಕ್ಟೇರ್ ಒಣಭೂಮಿ, ಅಂದರೆ ಹೆಚ್ಚುಕಡಿಮೆ ಏಳೂವರೆ ಎಕರೆ, ಇಲ್ಲವೇ ಅದಕ್ಕೆ ಸಮನಾದ ನೀರಾವರಿ ಜಮೀನು.

“ಹೋದರೆ ಅಕ್ಕಿಯಷ್ಟೇ ತಾನೆ”

ಅಲ್ಲ. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ಪ್ಯಾಕೇಜ್ ದರದ ಶೇ. 30 ಮಾತ್ರ. ಡಯಾಲಿಸಿಸ್‌ಗೆ ಹೋಗುವವರಿರುವ ಮನೆಯ ಕಾರ್ಡ್ ತಪ್ಪಾಗಿ ಬದಲಾದರೆ ಏನಾಗುತ್ತದೆಂದು ಯೋಚಿಸಿ. ಇನ್ನೊಂದು ಕಡೆ, ಉದ್ಯೋಗವನ್ನು ಮುಚ್ಚಿಟ್ಟು ಕಾರ್ಡ್ ಪಡೆದ ಸರ್ಕಾರಿ ನೌಕರರಿಂದ, ಪಡೆದ ಅಕ್ಕಿಗೆ ಲೆಕ್ಕ ಹಾಕಿ ದಂಡ ವಸೂಲಿ ಮಾಡಿದ್ದೂ ಉಂಟು, ಅದು ಸರಿಯೇ. ಆದರೆ ನಿಜ ಹೇಳಿಯೂ ಕಚೇರಿಯ ತಪ್ಪಿನಿಂದ ಹೆಚ್ಚು ಪಡೆದವರನ್ನು ಬೇಕೆಂದೇ ಮರೆಮಾಚಿದವರ ಸಾಲಿಗೆ ಸೇರಿಸಬಾರದು.

ಕಾರ್ಡ್ ತಪ್ಪಾಗಿ ಬದಲಾಗಿದ್ದರೆ ಅಂಗಡಿಯವರ ಜೊತೆ ಜಗಳವಾಡಿ ಉಪಯೋಗವಿಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ. ಜೊತೆಗೆ ನಾಡಕಚೇರಿಯ ಆದಾಯ ಪ್ರಮಾಣಪತ್ರವಿರಲಿ. ಅದು 5 ವರ್ಷಕ್ಕಷ್ಟೇ ಚಾಲ್ತಿ, ತಾರೀಖು ನೋಡಿಕೊಳ್ಳಿ. ರಿಟರ್ನ್ ಕಾರಣವಾಗಿದ್ದರೆ, ತೆರಿಗೆ ಸೊನ್ನೆ ಎಂದು ತೋರಿಸುವ ಪುಟದ ಪ್ರತಿ ಲಗತ್ತಿಸಿ. ಅಲ್ಲಿ ಕೆಲಸವಾಗದಿದ್ದರೆ ಆಹಾರ ಭದ್ರತಾ ಕಾಯ್ದೆಯಂತೆ ಜಿಲ್ಲೆಗೊಬ್ಬ ಕುಂದುಕೊರತೆ ಅಧಿಕಾರಿ, ಅವರ ಮೇಲೆ ರಾಜ್ಯ ಆಹಾರ ಆಯೋಗ ಇದೆ. ಅಲ್ಲಿಗೆ ಹೋಗುವಾಗ ಮೊದಲ ಅರ್ಜಿಯ ಸ್ವೀಕೃತಿ ಕೈಯಲ್ಲಿರಬೇಕು, ಆದ್ದರಿಂದ ಅರ್ಜಿ ಕೊಟ್ಟ ದಿನವೇ ಸೀಲು ಹಾಕಿಸಿಕೊಳ್ಳಿ.