ಇಂಜಿನ್ ತಣ್ಣಗಿದ್ದಾಗ ಬರ್ತೀವಿ

ದೇವನೂರಿನ ಕವಿ ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಕುದುರೆ ನೋಡಲು ಹೋಗುವ ಪ್ರಸಂಗವೊಂದಿದೆ. ಅಶ್ವಮೇಧಕ್ಕೆ ತಕ್ಕ ಕುದುರೆ ಇರುವುದು ಭದ್ರಾವತಿಯ ಯೌವನಾಶ್ವನ ಬಳಿ. ಅದನ್ನು ತರಲು ಹೊರಟ ಭೀಮ, ವೃಷಕೇತು, ಮೇಘನಾದರು ನೇರ ಊರಿಗೆ ನುಗ್ಗುವುದಿಲ್ಲ. ಬೆಟ್ಟದ ಮೇಲೆ ಕೂತು, ಕುದುರೆ ನೀರಿಗೆ ಬರುವವರೆಗೂ ಕಾಯುತ್ತಾರೆ. ಅದೇ ದೇವನೂರಿನ ನನ್ನ ಗೆಳೆಯನಿಗೆ ಆ ತಾಳ್ಮೆ ಇರಲಿಲ್ಲ. ಹತ್ತು ವರ್ಷ ಓಡಿಸಿದ ಸ್ಪ್ಲೆಂಡರ್ ಬಿಟ್ಟು ಸೆಕೆಂಡ್ ಹ್ಯಾಂಡ್ 350 ಸಿಸಿ ಗಾಡಿ ಹತ್ತುವ ಹುಮ್ಮಸ್ಸಿನಲ್ಲಿ, ಅಡ್ವಾನ್ಸ್ ದುಡ್ಡನ್ನು ಜೇಬಿನಲ್ಲಿಟ್ಟುಕೊಂಡೇ ನನ್ನನ್ನು ಕಡೂರಿಗೆ ಎಳೆದುಕೊಂಡು ಹೋದ.

ಗಾಡಿ ಫಳಫಳ ಹೊಳೆಯುತ್ತಿತ್ತು. ಬಟನ್ ಒತ್ತಿದ ಕೂಡಲೇ ಸ್ಟಾರ್ಟ್ ಆಯಿತು. ನಾನು ಬಗ್ಗಿ ಇಂಜಿನ್ ಬದಿ ಮುಟ್ಟಿದರೆ ಕೈ ಸುಡುವಷ್ಟು ಬಿಸಿ.

“ಈಗ್ ತಾನೇ ಪೆಟ್ರೋಲ್ ಹಾಕಿಸ್ಕೊಂಡ್ ಬಂದೆ ಕಣಣ್ಣ,” ಅಂದ ಮಾರುವವನು. ಟ್ಯಾಂಕಿನ ಮುಳ್ಳು ಕೆಂಪಿನಲ್ಲೇ ಇತ್ತು.

ಬಿಸಿಯಾದ ಇಂಜಿನ್ ಎಷ್ಟೋ ವಿಷಯ ಮುಚ್ಚಿಡುತ್ತದೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಇಳಿದು ತಳ ಸೇರಿರುತ್ತದೆ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಅದು ಮೇಲೇರುವ ಮೊದಲಿನ ಕೆಲವೇ ಸೆಕೆಂಡು ಕಿವಿಗೊಟ್ಟು ಕೇಳಬೇಕು. ಸಡಿಲವಾದ ಟೈಮಿಂಗ್ ಚೈನಿನ ಗರಗರ, ಟ್ಯಾಪೆಟ್ಟಿನ ಟಕಟಕ ಆಗಲೇ ಹೊರಗೆ ಬೀಳುವುದು. ಚಳಿಯಲ್ಲಿ ಸೈಲೆನ್ಸರ್‌ನಿಂದ ಬರುವ ತೆಳು ಬಿಳಿ ಹೊಗೆ ಬರೀ ಆವಿ, ಹೆದರಬೇಕಿಲ್ಲ. ನೀಲಿ ಹೊಗೆ ಬಂದರೆ ಮಾತ್ರ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಸೋತ ಬ್ಯಾಟರಿಯೂ ಆಗಲೇ ಬಾಯಿ ಬಿಡುತ್ತದೆ.

ಬ್ಯಾಟರಿಯ ಮಾತು ಯಾಕೆಂದರೆ, ರಾಯಲ್ ಎನ್‌ಫೀಲ್ಡ್‌ನ ‘ಕ್ಲಾಸಿಕ್ 350’ ಎಂಬ ಒಂದೇ ಹೆಸರಿನಲ್ಲಿ ಎರಡು ಬೇರೆ ಬೇರೆ ಗಾಡಿಗಳಿವೆ. 2009ರಿಂದ ಬಂದದ್ದು 346 ಸಿಸಿಯದು, ಅದಕ್ಕೆ ಕಿಕ್ಕರ್ ಇದೆ. 2021ರಲ್ಲಿ ಬಂದದ್ದು 349 ಸಿಸಿಯದು, ಇಂಜಿನ್ನೇ ಬೇರೆ. ಅದುರುವುದು ಕಮ್ಮಿ, ಆದರೆ ಕಿಕ್ಕರ್ ಇಲ್ಲ. ಬ್ಯಾಟರಿ ಕೈಕೊಟ್ಟರೆ ತಳ್ಳಿ ನೋಡಬೇಕು. ಸ್ಪ್ಲೆಂಡರ್ ತೂಕ ಸುಮಾರು 112 ಕೆಜಿ, ಇದರದ್ದು 195. ತಳ್ಳುವವನಿಗೇ ಗೊತ್ತು ಆ ವ್ಯತ್ಯಾಸ.

ಕಿಲೋಮೀಟರ್ ಅಂಕಿಯನ್ನು ನಾನು ಕೊನೆಗೆ ನೋಡುತ್ತೇನೆ. ಎಂಟು ಸಾವಿರ ಎಂದು ತೋರಿಸುವ ಗಾಡಿಯ ಫುಟ್‌ರೆಸ್ಟ್ ರಬ್ಬರ್ ಬೋಳಾಗಿದ್ದರೆ ರಬ್ಬರನ್ನೇ ನಂಬಬೇಕು. ಹಿಂದಿನ ಸ್ಪ್ರಾಕೆಟ್ ಮೇಲಿನ ಚೈನನ್ನು ಬೆರಳಲ್ಲಿ ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಇಡೀ ಸೆಟ್ ಹೋಯಿತು. ಮುಂದಿನ ಚಕ್ರ ನೆಲ ಬಿಡುವಂತೆ ಎತ್ತಿಸಿ ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ನಡುವೆ ಎಲ್ಲೋ ಕಚ್ಚಿಕೊಂಡಂತಾದರೆ ಕೋನ್ ಸೆಟ್ ಸವೆದಿದೆ. ಇಂಜೆಕ್ಷನ್ ಗಾಡಿಯಾದರೆ ಕೀ ಹಾಕಿದಾಗ ಇಂಜಿನ್ ಗುರುತಿನ ಹಳದಿ ದೀಪ ಹತ್ತಬೇಕು, ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಅದನ್ನು ಯಾರೋ ಬೇಕೆಂದೇ ಕಿತ್ತಿರಬಹುದು.

ಹೊಸದನ್ನೇ ತಗೊಂಡರೆ ಈ ತಲೆನೋವಿಲ್ಲ ಅನ್ನುವವರಿದ್ದಾರೆ. ಆದರೆ 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಇಗ್ನಿಷನ್ ಕಾಯಿಲ್ ದೋಷಕ್ಕಾಗಿ 2,36,966 ಗಾಡಿಗಳನ್ನು ವಾಪಸ್ ಕರೆಯಿತು. ಎಲ್ಲವೂ ಆಗಷ್ಟೇ ಕಾರ್ಖಾನೆಯಿಂದ ಬಂದವು. ಹಾಗೆ ಕರೆದದ್ದು ತಪ್ಪು ಅನ್ನಲಾರೆ. ಮುಚ್ಚಿಡುವುದಕ್ಕಿಂತ ಅದೇ ವಾಸಿ. ಆದರೆ ಆ ಹೊತ್ತಿನಲ್ಲಿ ತಯಾರಾದ ಗಾಡಿಯನ್ನು ಈಗ ಕೊಳ್ಳುವವರು ಕಾಯಿಲ್ ಬದಲಾಗಿದೆಯೇ ಎಂದು ಚಾಸಿಸ್ ನಂಬರ್ ಕೊಟ್ಟು ಶೋರೂಮಿನಲ್ಲಿ ವಿಚಾರಿಸಬೇಕು. ಹೊಸದಕ್ಕೆ ತೆರಿಗೆಯ ಲೆಕ್ಕ ಬೇರೆ: 2025ರ ಸೆಪ್ಟೆಂಬರ್‌ನಿಂದ 350 ಸಿಸಿವರೆಗಿನ ಬೈಕಿಗೆ ಜಿಎಸ್‌ಟಿ ಶೇ 18, ಅದರಾಚೆಗೆ ಶೇ 40. ಗೆಳೆಯ ಹೊಸ 400 ಸಿಸಿ ಗಾಡಿಯ ಆಸೆ ಬಿಟ್ಟದ್ದು ಈ ಲೆಕ್ಕ ಕೇಳಿಯೇ.

ಇಷ್ಟಾದರೂ ನನ್ನ ಅನುಮಾನ ಕಂಪನಿಯ ಮೇಲಲ್ಲ, ಮೆಕ್ಯಾನಿಕ್ ಇರುವ ದೂರದ ಮೇಲೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಬಾಗಿಲು ಹಾಕಿತು. ಕಂಪನಿಯೇ ಹೋದ ಮೇಲೂ ಆ ಗಾಡಿಗಳು ಓಡುತ್ತಲೇ ಇದ್ದವು. ಕಾರಣ, ಅವುಗಳ ಕರುಳು ಬಲ್ಲ ಮೆಕ್ಯಾನಿಕ್‌ಗಳಿದ್ದರು, ಬಿಚ್ಚಲು ಸ್ಪ್ಯಾನರ್ ಸಾಕಿತ್ತು. ಈಗಿನ ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್ ಹೋದರೆ ಸ್ಕ್ಯಾನರ್ ಇರುವ ಊರು ಹುಡುಕಬೇಕು. ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇರುವುದರಿಂದ ಪಂಕ್ಚರ್ ಆದರೆ ಚಕ್ರವನ್ನೇ ಬಿಚ್ಚಬೇಕು. ಅಲಾಯ್ ಚಕ್ರದ ಟ್ಯೂಬ್‌ಲೆಸ್ ಟೈರಾದರೆ ರಸ್ತೆಬದಿಯಲ್ಲೇ ಬತ್ತಿ ತುರುಕಿ ಮುಂದೆ ಹೋಗಬಹುದು. ಕತ್ತಲಾದ ಮೇಲೆ ರಾಗಿ ಹೊಲಗಳ ನಡುವೆ ಒಬ್ಬನೇ ಬರುವವನಿಗೆ ಕ್ರೋಮಿಯಂ ಹೊಳಪಿಗಿಂತ ಇದು ಮುಖ್ಯ ಎಂದು ನನ್ನ ವಾದ. ಗೆಳೆಯನಿಗೆ ಈಗಲೂ ಸ್ಪೋಕೇ ಚೆಂದ.

ಆ ದಿನ ಅಡ್ವಾನ್ಸ್ ಜೇಬಿನಲ್ಲೇ ವಾಪಸ್ ಬಂತು. ಮೊನ್ನೆ ಬೀರೂರಿನ ಕಡೆಯಿಂದ ಇನ್ನೊಂದು ಗಾಡಿಯ ಸುದ್ದಿ ಸಿಕ್ಕಿದೆ. ಭಾನುವಾರ ಬೆಳಿಗ್ಗೆ ಆರಕ್ಕೇ ಬರ್ತೀವಿ ಅಂತ ಗೆಳೆಯ ಫೋನ್ ಮಾಡಿದ.

“ಬನ್ನಿ ಬನ್ನಿ, ಸ್ಟಾರ್ಟ್ ಮಾಡಿ ರೆಡಿ ಇಟ್ಟಿರ್ತೀನಿ,” ಅಂತು ಆ ಕಡೆಯ ದನಿ.

“ಬ್ಯಾಡಿ ಸ್ವಾಮಿ, ಅದುನ್ನ ಮುಟ್ಲೂಬ್ಯಾಡಿ!” ಗೆಳೆಯ ಫೋನಿನಲ್ಲೇ ಕೂಗಿದ.